ಸೀಲಿನ ಹಿಂಬದಿಯ ಸಂತ ಎಲ್ಲಿ ಹೋದ?

ಇಂಗ್ಲೆಂಡಿನ ಒಂದು ದಾಖಲೆ ಕಚೇರಿಯಲ್ಲಿ ಕ್ಯಾಟಲಾಗ್ ಮಾಡೋದು ನನ್ನ ಕೆಲಸ. ಆ ಮಂಗಳವಾರ ನೆನಪಾದರೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ.

ಪೆಟ್ಟಿಗೆಯಿಂದ ಒಂದು ಚರ್ಮದ ಪತ್ರ ತೆಗೆದೆ. ಕೆಳಗೆ ಟ್ಯಾಗಿನಲ್ಲಿ ಲಂಡನ್ ನಗರದ ಸೀಲು ನೇತಾಡುತ್ತಿತ್ತು. ಅಂಗೈಯಗಲದ ಮೇಣ, ಅಂಚು ಕೊಂಚ ಮುರಿದಿದೆ. ಮುಂಬದಿಯಲ್ಲಿ ಸಂತ ಪಾಲ್: ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಬಾವುಟ, ಕೆಳಗೆ ಇಡೀ ಊರು. ಹಿಂದಿನ ವಾರವಷ್ಟೇ ಇದೇ ಮ್ಯಾಟ್ರಿಕ್ಸಿನ, ಅಂದರೆ ಮೇಣಕ್ಕೆ ಒತ್ತುವ ಇದೇ ಮುಂಬದಿ ಅಚ್ಚಿನ, ಹಳೆಯ ಸೀಲೊಂದನ್ನು ಎಂಟ್ರಿ ಮಾಡಿದ್ದೆ. ಹಾಗಾಗಿ ಧೈರ್ಯ ಜಾಸ್ತಿ. ಫೋಮ್ ಮೇಲಿಟ್ಟು ಮೆಲ್ಲಗೆ ತಿರುಗಿಸಿದೆ. ಹಳೆಯದರಲ್ಲಿದ್ದಂತೆ ಅಲ್ಲಿ ಸಂತ ಥಾಮಸ್ ಬೆಕೆಟ್, ಹನ್ನೆರಡನೇ ಶತಮಾನದ ಆರ್ಚ್‌ಬಿಷಪ್, ಕೂತಿರಬೇಕಿತ್ತು. ಇಲ್ಲ! ನಗರದ ಲಾಂಛನ ಇದೆ.

ನಮ್ಮೂರ ತಾಲ್ಲೂಕು ಕಚೇರಿಯಲ್ಲಿ ಸೀಲು ಒಂಚೂರು ಮಸುಕಾಗಿದ್ದರೂ ಪತ್ರ ವಾಪಸ್ ಬರುತ್ತಿತ್ತು. ನನಗೂ ಅದೇ ಬುದ್ಧಿ. ಕ್ಯಾಟಲಾಗ್ ಸಾಫ್ಟ್‌ವೇರಿನಲ್ಲಿ 'ಸಸ್ಪೆಕ್ಟ್' (ನಕಲಿ ಇರಬಹುದು ಅಂತ) ಒತ್ತಿಬಿಟ್ಟೆ. ಒತ್ತಿದ ಕೂಡಲೇ ಇಡೀ ಟೀಮಿಗೆ ಮೇಲ್ ಹೋಗುತ್ತದೆ, ಪತ್ರಕ್ಕೆ ಬೀಗ ಬೀಳುತ್ತದೆ. ವಾಪಸ್ ತಗೊಳ್ಳೋಕೆ ಬಟನ್ನೇ ಇಲ್ಲ. ಯಾವ ಪುಣ್ಯಾತ್ಮ ಮಾಡಿದ ಸಾಫ್ಟ್‌ವೇರೋ! ಕೆಳಗೆ ರೀಡಿಂಗ್ ರೂಮಿನಲ್ಲಿ ಒಬ್ಬರು ಅದೇ ಪತ್ರಕ್ಕೆ ಕಾಯುತ್ತಿದ್ದರು.

ನಮ್ಮ ಸೀನಿಯರ್ ಬಂದರು. ಮಾತಿಲ್ಲ. ಮೇಲಿನ ಲೈಟ್ ಆರಿಸಿ, ಟಾರ್ಚನ್ನು ಪಕ್ಕದಿಂದ ಹಿಡಿದರು. ಪಾಲ್‌ನ ಕತ್ತಿಯ ನೆರಳು ಮೇಣದ ಮೇಲೆ ಉದ್ದಕ್ಕೆ ಬಿತ್ತು. ಎರಡು ನಿಮಿಷ ನೋಡುತ್ತಲೇ ನಿಂತಿದ್ದರು. ನಾನು ಹೊಗಳಿಕೆಗೆ ಕಾಯುತ್ತಿದ್ದೆ, ನಾಚಿಕೆಗೇಡು.

"ತಾರೀಕು ಓದಿದೆಯಾ?"

ಓದಿರಲಿಲ್ಲ. ಎಂಟನೇ ಹೆನ್ರಿಯ ಆಳ್ವಿಕೆಯ 34ನೇ ವರ್ಷ, ಜೂನ್ ಅಂತಿತ್ತು. ಲೆಕ್ಕ ಹಾಕೋಕೆ ಸೋಮಾರಿತನ, ಆಮೇಲೆ ನೋಡೋಣ ಅಂತ ಬಿಟ್ಟಿದ್ದೆ. ಈಗ ಅವರ ಮುಂದೆ ಬೆರಳು ಮಡಚಿ ಎಣಿಸಿದೆ. 1542.

1538ರಲ್ಲಿ ಹೆನ್ರಿ, ಬೆಕೆಟ್ ಸಂತನೇ ಅಲ್ಲ, ಅವನ ಚಿತ್ರಗಳನ್ನೆಲ್ಲ ತೆಗೆಯಿರಿ ಅಂತ ಆಜ್ಞೆ ಹೊರಡಿಸಿದ್ದ. ಮರುವರ್ಷ ಲಂಡನ್ನಿನವರು ಸೀಲಿನ ಹಿಂಬದಿಯ ಅಚ್ಚನ್ನು ಮಾತ್ರ ಬದಲಿಸಿದರು. ಪಾಲ್ ಉಳಿದ. ಬೆಕೆಟ್ ಹುಟ್ಟಿದ್ದು ಲಂಡನ್ನಿನಲ್ಲೇ. ಹಳೆಯ ಅಂಚುಬರಹದಲ್ಲಿ ಊರೇ ತಾಯಿಯಂತೆ ಅವನ ಹತ್ತಿರ ಮಾತಾಡುತ್ತಿತ್ತು: ಥಾಮಸ್, ನಿನ್ನ ಹೆತ್ತವಳು ನಾನು, ನನ್ನನ್ನು ಕಾಯೋದು ಬಿಡಬೇಡ. ಹೊಸದರಲ್ಲಿ ಆ ಮೊರೆ ನೇರ ದೇವರಿಗೆ. 1542ರ ಪತ್ರದಲ್ಲಿ ಬೆಕೆಟ್ ಇದ್ದಿದ್ದರೇನೇ ಅನುಮಾನ ಪಡಬೇಕಿತ್ತು ಅಲ್ವಾ?

ಪತ್ರ ಕೆಳಗೆ ಹೋಗುವಷ್ಟರಲ್ಲಿ ಆ ಓದುಗರು ಟ್ರೇನಿಗೆ ಹೊತ್ತಾಯಿತು ಅಂತ ಹೊರಟುಹೋಗಿದ್ದರು. 'ಸಸ್ಪೆಕ್ಟ್: ಹಿಂಬದಿ ತಪ್ಪು' ಅನ್ನೋ ಸಾಲು ನನ್ನ ಹೆಸರಿನ ಜೊತೆ ಲಾಗಿನಲ್ಲಿ ಇನ್ನೂ ಇದೆ. ನಾನು ಯಾವ ಸೀಲು ತಿರುಗಿಸಿದರೂ ಪಕ್ಕದ ಮೇಜಿನಿಂದ ಒಂದು ದನಿ ಬರುತ್ತದೆ: "ಥಾಮಸ್ ಸಿಕ್ಕಿದನಾ?"