ಹೊಟ್ಟೆ ಕೊಯ್ಯದೆ ಗರ್ಭಕೋಶ ತೆಗೆಯಬಹುದೇ?

“ಲೇಸರ್‌ನಲ್ಲೇ ಮಾಡಿಬಿಡಿ ಡಾಕ್ಟ್ರೇ” ಎನ್ನುವವರು ಕೇಳುತ್ತಿರುವುದು ಲ್ಯಾಪ್ರೋಸ್ಕೋಪಿಯನ್ನು, ಅಂದರೆ ಹೊಟ್ಟೆಯಲ್ಲಿ ಸಣ್ಣ ರಂಧ್ರ ಮಾಡಿ ಕ್ಯಾಮೆರಾ ಇಳಿಸಿ ಮಾಡುವ ಆಪರೇಷನ್ನನ್ನು. ಅದರಲ್ಲಿ ಸಾಮಾನ್ಯವಾಗಿ ಲೇಸರ್ ಇರುವುದಿಲ್ಲ. ಕ್ಯಾಮೆರಾ ಇದೆ, ರಕ್ತನಾಳವನ್ನು ಕರೆಂಟಿನಿಂದ ಸುಟ್ಟು ಮುಚ್ಚುವ ಉಪಕರಣವಿದೆ. ಹೊಟ್ಟೆಯ ಮೇಲೆ ಒಂದೂ ಗಾಯವಾಗದ ದಾರಿ ಯೋನಿಮಾರ್ಗ. ಅದಕ್ಕೆ ಗರ್ಭಕೋಶ ಜಾರಿರಲೇಬೇಕೆಂದಿಲ್ಲ. ಕ್ಯಾನ್ಸರ್ ಅಲ್ಲದ ತೊಂದರೆಗೆ, ಆಗುವಂತಿದ್ದರೆ, ಅದೇ ಮೊದಲ ಆಯ್ಕೆ.

ಆಗುತ್ತದೋ ಇಲ್ಲವೋ ಎಂಬುದನ್ನು ಸ್ಕ್ಯಾನ್‌ಗಿಂತ ಕೈ ಚೆನ್ನಾಗಿ ಹೇಳುತ್ತದೆ. ಗರ್ಭಕೋಶ 12 ವಾರದ ಬಸಿರಿನ ಗಾತ್ರ ಮೀರಿಲ್ಲವೇ, ಅತ್ತಿತ್ತ ಸಲೀಸಾಗಿ ಆಡುತ್ತದೆಯೇ, ಯೋನಿಯಲ್ಲಿ ಜಾಗವಿದೆಯೇ? ಅರಿವಳಿಕೆ ಕೊಟ್ಟ ಮೇಲೆ ಮತ್ತೊಮ್ಮೆ ನೋಡಬೇಕು. ಒಪಿಡಿಯಲ್ಲಿ ನೋವಿಗೆ ಬಿಗಿಹಿಡಿದಿದ್ದ ಸ್ನಾಯು ಆಗ ಸಡಿಲವಾಗಿರುತ್ತದೆ. ಗಾತ್ರ ಸ್ವಲ್ಪ ದೊಡ್ಡದಿದ್ದರೆ ಸೀಳಿ ತೆಗೆಯಬಹುದು, ಆದರೆ ಎರಡೂ ಬದಿಯ ಗರ್ಭಕೋಶದ ಅಪಧಮನಿ ಕಟ್ಟಿದ ಮೇಲೆ ಮಾತ್ರ. ಮೊದಲೇ ಸೀಳಿದರೆ ರಕ್ತ ಹಿಡಿತಕ್ಕೆ ಸಿಗದು.

ಹಿಂದೆ ಸಿಸೇರಿಯನ್ ಆಗಿದ್ದರೆ ಮೂತ್ರಕೋಶ ಅಂಟಿಕೊಂಡಿರಬಹುದು. ಗಾಜ್ ಸುತ್ತಿದ ಬೆರಳಿನಿಂದ ತಳ್ಳಿದರೆ ಅಂಟು ಬಿಡುವ ಬದಲು ಮೂತ್ರಕೋಶವೇ ಹರಿಯುತ್ತದೆ. ಕತ್ತರಿಯ ತುದಿಯನ್ನು ಗರ್ಭಕೋಶದ ಕಡೆಗೇ ಇಟ್ಟು, ಅಂಟು ಕಡಿಮೆಯಿರುವ ಪಕ್ಕದಿಂದ ಬಿಡಿಸುತ್ತ ಬರಬೇಕು.

ಎಲ್ಲ ದಾರಿಗೂ ಸಮಾನ ಭಯ ಮೂತ್ರನಾಳದ್ದು, ಅಂದರೆ ಕಿಡ್ನಿಯಿಂದ ಮೂತ್ರಕೋಶಕ್ಕೆ ಮೂತ್ರ ತರುವ ನಾಳದ್ದು. ಗರ್ಭಕಂಠದಿಂದ ಸುಮಾರು 2 ಸೆಂ.ಮೀ. ಆಚೆ, ಗರ್ಭಕೋಶದ ಅಪಧಮನಿಯ ಅಡಿಯಲ್ಲೇ ಅದು ಹಾಯುತ್ತದೆ. ಯೋನಿಮಾರ್ಗದಲ್ಲಿ ಕಂಠವನ್ನು ಕೆಳಗೆಳೆದು ಮೂತ್ರಕೋಶವನ್ನು ಮೇಲೆತ್ತಿ ಹಿಡಿದರೆ ನಾಳ ದೂರ ಉಳಿಯುತ್ತದೆ. ಲ್ಯಾಪ್ರೋಸ್ಕೋಪಿಯಲ್ಲಿ ಆ ಕೆಲಸ ಕೆಳಗೆ ಮ್ಯಾನಿಪ್ಯುಲೇಟರ್ (ಯೋನಿಯ ಮೂಲಕ ಹಾಕಿ ಗರ್ಭಕೋಶವನ್ನು ಆಡಿಸುವ ಸಲಕರಣೆ) ಹಿಡಿದವರದು: ಅದರ ತುದಿಯಲ್ಲಿ ಗರ್ಭಕಂಠವನ್ನು ಸುತ್ತುವರಿದ ಬಟ್ಟಲನ್ನು (ಕಪ್) ರೋಗಿಯ ತಲೆಯ ಕಡೆಗೆ ಒತ್ತಿಯೇ ಇರಬೇಕು. ಕೈ ಸೋತು ಸಡಿಲಿಸಿದ ಹೊತ್ತಿನಲ್ಲಿ ಕರೆಂಟ್ ಕೊಟ್ಟರೆ ಶಾಖ ನಾಳಕ್ಕೆ ಹರಡುತ್ತದೆ. ಕೊನೆಯಲ್ಲಿ ಸಿಸ್ಟೋಸ್ಕೋಪಿ (ಮೂತ್ರಕೋಶದೊಳಗೆ ಕ್ಯಾಮೆರಾ ಹಾಕಿ ನೋಡುವುದು) ಮಾಡಿ ಎರಡೂ ಕಡೆ ಮೂತ್ರ ಚಿಮ್ಮುವುದು ಕಂಡರೂ ಸುಟ್ಟ ಗಾಯ ಇಲ್ಲವೆಂದಲ್ಲ. ಅದು ದಿನಗಳ ನಂತರ ಸೋರುತ್ತದೆ. ಗರ್ಭಕೋಶ ತೆಗೆದ ಮೇಲೆ ಮುಚ್ಚುವ ಯೋನಿತುದಿಯ ಹೊಲಿಗೆ ಬಿಚ್ಚಿಕೊಳ್ಳುವುದೂ ಲ್ಯಾಪ್ರೋಸ್ಕೋಪಿಯಲ್ಲೇ ಹೆಚ್ಚು. ಸುಟ್ಟ ಅಂಚಿಗೇ ಹೊಲಿದರೆ ದಾರ ಕೊಯ್ದುಕೊಂಡು ಬರುತ್ತದೆ. ಸೂಜಿ ಆರೋಗ್ಯವಾದ ಅಂಗಾಂಶದವರೆಗೂ ಹೋಗಬೇಕು. ಹಾಗೆಂದು ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ ಬೆಳೆಯುವ ಕಾಯಿಲೆ) ಇದ್ದಾಗ, ಅಂಡಾಶಯದಲ್ಲಿ ಗಡ್ಡೆ ಇದ್ದಾಗ ಕಣ್ಣಿಗೆ ಕಂಡು ಮಾಡುವ ಅನುಕೂಲ ದೊಡ್ಡದು.

ಭಾರಿ ಗಡ್ಡೆಗೆ, ಸಾರ್ಕೋಮಾ (ಗರ್ಭಕೋಶದ ಸ್ನಾಯುವಿನಂಥ ಅಂಗಾಂಶದಲ್ಲಿ ಹುಟ್ಟುವ ಕ್ಯಾನ್ಸರ್) ಶಂಕೆಗೆ ಹೊಟ್ಟೆಯ ಕೊಯ್ತವೇ ಸರಿ. ಗರ್ಭಕಂಠದ ಕ್ಯಾನ್ಸರಿನ ರ‍್ಯಾಡಿಕಲ್ (ಸುತ್ತಲಿನ ಅಂಗಾಂಶವನ್ನೂ ಸೇರಿಸಿ ತೆಗೆಯುವ) ಆಪರೇಷನ್ನಿಗೂ ಅಷ್ಟೇ. ಈ ಕ್ಯಾನ್ಸರಿಗೆ ಎರಡೂ ಬಗೆಯ ಆಪರೇಷನ್ ಹೋಲಿಸಿದ 2018ರ ಲ್ಯಾಕ್ (LACC) ಪ್ರಯೋಗದಲ್ಲಿ 4.5 ವರ್ಷಕ್ಕೆ ಕಾಯಿಲೆ ಮರುಕಳಿಸದೆ ಬದುಕಿದ್ದವರು ಕೊಯ್ತದ ಗುಂಪಿನಲ್ಲಿ ಶೇ. 96.5, ಲ್ಯಾಪ್ರೋಸ್ಕೋಪಿ-ರೋಬೋಟ್ ಗುಂಪಿನಲ್ಲಿ ಶೇ. 86.

ಯಾವ ದಾರಿ ಹಿಡಿದರೂ “ಅಗತ್ಯಬಿದ್ದರೆ ಹೊಟ್ಟೆ ತೆರೆಯಲಾಗುವುದು” ಎಂಬ ಸಾಲು ಒಪ್ಪಿಗೆ ಪತ್ರದಲ್ಲಿರಬೇಕು, ಮನೆಯವರಿಗೆ ಹಿಂದಿನ ದಿನವೇ ಹೇಳಿರಬೇಕು, ಹೊಟ್ಟೆ ತೆರೆಯುವ ಉಪಕರಣಗಳ ದೊಡ್ಡ ಸೆಟ್ ಆಟೋಕ್ಲೇವ್ ಆಗಿ (ಹಬೆಯಲ್ಲಿ ಕ್ರಿಮಿ ಕೊಂದು) ಓಟಿಯೊಳಗೇ ಇರಬೇಕು.