ನನ್ನ ವೋಟು 1998ಕ್ಕೇ

ವಿಡಿಯೋ ಗೇಮ್‌ಗಳಿಗೆ ಯಾವ ವರ್ಷ ಬೆಸ್ಟ್ ಅಂತ ಕೇಳಿದರೆ ನನ್ನ ಗೆಳೆಯರಲ್ಲಿ ಜಾಸ್ತಿ ಜನ 2004 ಅನ್ನುತ್ತಾರೆ. ಸುಮ್ನೆ ಹೇಳುವ ಮಾತಲ್ಲ. ಸ್ಯಾನ್ ಆಂಡ್ರಿಯಾಸ್, ಹೇಲೋ 2, ಹಾಫ್-ಲೈಫ್ 2, ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಲ್ಲವೂ ಆ ವರ್ಷದ ಅಕ್ಟೋಬರ್ ಕೊನೆ ಮತ್ತು ನವೆಂಬರ್‌ನಲ್ಲೇ ಬಂದವು.

ಆದರೂ ನಾನು 1998 ಬಿಡುವುದಿಲ್ಲ. ಆ ವರ್ಷದ ಮೊದಲ ಹಾಫ್-ಲೈಫ್ ನೋಡಿ: ಕಥೆ ಹೇಳಲು ಆಟ ನಿಲ್ಲಿಸಿ ಸಿನಿಮಾ ತೋರಿಸುವುದಿಲ್ಲ, ಎಲ್ಲವೂ ನಿಮ್ಮ ಕಣ್ಣೆದುರೇ, ನೀವು ಓಡಾಡುತ್ತಿರುವಾಗಲೇ ನಡೆಯುತ್ತದೆ. ಮುಂದೆ ಸೈಬರ್ ಕೆಫೆಗಳಲ್ಲಿ ನಾವೆಲ್ಲ ಗಂಟೆಗಟ್ಟಲೆ ಆಡಿದ ಕೌಂಟರ್-ಸ್ಟ್ರೈಕ್ ಹುಟ್ಟಿದ್ದೂ ಇದರಿಂದಲೇ, ಅದೂ ಅಭಿಮಾನಿಗಳು ಮಾಡಿದ ಮಾಡ್ ಆಗಿ, ಅಂದರೆ ಇರುವ ಆಟವನ್ನೇ ಬದಲಿಸಿ ಕಟ್ಟಿದ ಹೊಸ ಆಟವಾಗಿ. ಝೆಲ್ಡಾದ ಆಕರಿನಾ ಆಫ್ ಟೈಮ್‌ನಲ್ಲಿ ಒಂದು ಬಟನ್ ಒತ್ತಿದರೆ ಕ್ಯಾಮೆರಾ ಶತ್ರುವಿನ ಮೇಲೇ ನಿಲ್ಲುತ್ತಿತ್ತು. ಈಗಿನ ಎಷ್ಟೋ 3ಡಿ ಆಟಗಳಲ್ಲಿ ಅದೇ ಉಪಾಯ ಇದೆ ಅಲ್ವಾ? ಸ್ಟಾರ್‌ಕ್ರಾಫ್ಟ್ ಅಂತೂ ದಕ್ಷಿಣ ಕೊರಿಯಾದಲ್ಲಿ ಟಿವಿಯಲ್ಲಿ ಕೂತು ನೋಡುವ ಪಂದ್ಯವೇ ಆಯಿತು.

2004ರ ಆಟಗಳು ಜಾಸ್ತಿ ಚೆಂದ, ಒಪ್ಪುತ್ತೇನೆ. ಆದರೆ ಮೇಲಿನ ನಾಲ್ಕೂ ಹಳೇ ಸರಣಿಯ ಮುಂದುವರಿಕೆಗಳೇ. ಝೆಲ್ಡಾ ಕೂಡ ಹಳೇ ಸರಣಿಯದ್ದೇ ತಾನೆ ಅಂತ ಯಾರಾದರೂ ಕೇಳುತ್ತಾರೆ, ಗೊತ್ತು. ಕೇಳಲಿ, ವಾದಕ್ಕೆ ನಾನು ರೆಡಿ.