ಹೆಂಚಿನ ಮೇಲಿನ 1865

ಡಿಸೆಂಬರ್ ತಿಂಗಳ ಒಂದು ಶನಿವಾರ ಕೊಡಗಿನಲ್ಲಿ ನಾನು ಓದಿದ ಶಾಲೆಯಲ್ಲಿ ಓಪನ್ ಡೇ ಇಟ್ಟಿದ್ದರು. ಹಳೇ ಕಟ್ಟಡ, ಹೊಸ ಕಟ್ಟಡ ಎರಡನ್ನೂ ಮಕ್ಕಳೇ ತೋರಿಸುತ್ತಾರೆ, ಬನ್ನಿ ಅಂತ ಹೆಡ್‌ಮಾಸ್ಟರು ಫೋನ್ ಮಾಡಿದ್ದರು. ಕಾಫಿ ಕುಯ್ಲಿನ ಸಮಯ, ತೋಟದಲ್ಲಿ ಆಳು ಸಿಗುವುದೇ ಕಷ್ಟ. ಆದರೂ ಒಂದು ದಿನ ಎಲ್ಲ ಬಿಟ್ಟು ಹೋದೆ. ಮೂವತ್ತೈದು ವರ್ಷದ ಮೇಲೆ ಆ ಮೆಟ್ಟಿಲು ಹತ್ತಿದ್ದು.

ನನ್ನನ್ನು ಕರೆದುಕೊಂಡು ಹೋಗಲು ಬಂದವಳು ಏಳನೇ ಕ್ಲಾಸಿನ ಹುಡುಗಿ. ಎರಡು ಜಡೆ, ಕೈಯಲ್ಲೊಂದು ಚೀಟಿ. "ಮೇಡಂ, ಈ ಕಟ್ಟಡ 1865ರಲ್ಲಿ ಕಟ್ಟಿದ್ದು" ಅಂತ ಶುರು ಮಾಡಿದಳು. ನನಗೆ ಮೈ ಜುಮ್ಮೆಂದಿತು. ನಾವೂ ಅದನ್ನೇ ನಂಬಿದ್ದೆವು! ಗಾಳಿಗೆ ಜಾರಿ ಬಿದ್ದ ಹೆಂಚನ್ನು ಮಗುಚಿದರೆ ಇಂಗ್ಲಿಷ್ ಅಕ್ಷರದಲ್ಲಿ ಬಾಸೆಲ್ ಮಿಷನ್ ಟೈಲ್ ವರ್ಕ್ಸ್ ಅಂತ ಇರುತ್ತಿತ್ತು, ಜೊತೆಗೆ 1865. ಆ ಉಬ್ಬಿದ ಅಕ್ಷರಗಳ ಮೇಲೆ ಬೆರಳಾಡಿಸುತ್ತಾ ಶಾಲೆಗೆ ಎಷ್ಟು ವಯಸ್ಸಾಯಿತು ಅಂತ ಲೆಕ್ಕ ಹಾಕುತ್ತಿದ್ದೆವು.

ಜೊತೆಗೆ ನನ್ನ ಕ್ಲಾಸಿನವನೊಬ್ಬ ಬಂದಿದ್ದ. ಈಗ ಮನೆಗಳ ಮಾಡಿನ, ಅಂದರೆ ಛಾವಣಿಯ, ಕೆಲಸ ಮಾಡುತ್ತಾನೆ. "ಅದು ಸ್ಕೂಲ್ ಕಟ್ಟಿದ ವರ್ಷ ಅಲ್ಲ ಮಗಾ. ಮಂಗಳೂರಲ್ಲಿ ಬಾಸೆಲ್ ಮಿಷನ್ ಪಾದ್ರಿಗಳ ಹೆಂಚಿನ ಕಾರ್ಖಾನೆ ಶುರುವಾದ ವರ್ಷ" ಅಂದ. ನನ್ನ ಕಡೆ ತಿರುಗಿ, "ನಿನಗೂ ಗೊತ್ತಿರಲಿಲ್ವಾ ಮಾರಾಯ್ತಿ?" ಅಂದ. ಗೊತ್ತಿರಲಿಲ್ಲ. ಹುಡುಗಿ ಚೀಟಿಯಲ್ಲಿ ಆಗಲೇ ಪೆನ್ಸಿಲ್‌ನಿಂದ ತಿದ್ದಿಕೊಂಡಳು. ಮುಂದಿನ ಗುಂಪಿಗೆ ಸರಿಯಾಗಿ ಹೇಳಬೇಕಲ್ಲ.

ಆಮೇಲೆ ಅವನೇ ನಮ್ಮಿಬ್ಬರಿಗೂ ಮಾಡು ತೋರಿಸಿದ. ಇಳಿಜಾರಾಗಿ ಇಟ್ಟ ಮರದ ಪಕ್ಕಾಸು, ಅದರ ಮೇಲೆ ಅಡ್ಡಕ್ಕೆ ಹೊಡೆದ ತೆಳು ಮರದ ಪಟ್ಟಿ ಅಂದರೆ ರೀಪು, ರೀಪಿಗೆ ಕಚ್ಚಿಕೊಂಡು ಕೂತ ಹೆಂಚು. ಒಂದರ ಕಾಲುವೆಗೆ ಪಕ್ಕದ್ದರ ಅಂಚು ಸಿಕ್ಕಿಕೊಳ್ಳುತ್ತದೆ. ನೀರು ಎಲ್ಲೂ ನಿಲ್ಲದೆ ಇಳಿಜಾರಿನಲ್ಲಿ ಹರಿದು ಸೂರಿನಿಂದ ಬೀಳುತ್ತದೆ. ಸಂದಿಯಲ್ಲಿ ಗಾಳಿಯಾಡುವುದರಿಂದ ಒದ್ದೆಯಾದ ಮರ ಬೇಗ ಒಣಗುತ್ತದೆ. ಒಂದು ಹೆಂಚು ಒಡೆದರೆ ಅದೊಂದನ್ನೇ ಬದಲಾಯಿಸಿದರೆ ಸಾಕು. ಕೊಡಗಿನ ಮಳೆ ಎಂಥದ್ದು ಅಂತ ಚೆನ್ನಾಗಿ ಗೊತ್ತಿದ್ದವರು ಕಟ್ಟಿದ ಕಟ್ಟಡ ಇದು. ಅಗಲವಾದ ಜಗಲಿ ನೋಡಿದರೇ ತಿಳಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಆಟ, ಊಟ, ಜಗಳ ಎಲ್ಲ ಅಲ್ಲೇ ನಡೆಯುತ್ತಿತ್ತು. ಒಂದು ತುದಿಯಲ್ಲಿ ಸಾಲಾಗಿ ನೇತುಹಾಕಿದ ಕೊಡೆಗಳು, ಇನ್ನೊಂದು ತುದಿಯಲ್ಲಿ ಕಾಲಿನಿಂದ ಜಿಗಣೆ ಕೀಳುತ್ತಾ ಕೂತ ನಾವು.

ಜುಲೈಯಲ್ಲಿ ಮಳೆ ಹಿಡಿಯಿತೆಂದರೆ ಹೆಂಚಿನ ಸದ್ದಿಗೆ ಮೇಷ್ಟ್ರ ಮಾತು ಮುಂದಿನ ಬೆಂಚಿಗೂ ಕೇಳುತ್ತಿರಲಿಲ್ಲ. ಅವರು ಸುಮ್ನೆ ಬೋರ್ಡಿನ ಮೇಲೆ ಒಂದು ಸಾಲು ಬರೆದು ಕೈಸನ್ನೆ ಮಾಡುತ್ತಿದ್ದರು. ನಾವು ಅದನ್ನು ಕಾಪಿ ಬರೆಯಬೇಕು. ಗಾಜಿನ ಹೆಂಚಿನಿಂದ ಬೀಳುವ ಬೆಳಕು ನನ್ನ ಪುಸ್ತಕದ ಮೇಲೇ ಬೀಳುವಂತೆ ನಾನು ಜಾಗ ಹಿಡಿಯುತ್ತಿದ್ದೆ. ಇವತ್ತು ನನ್ನ ಅಕ್ಷರ ಚೆನ್ನಾಗಿದೆ ಅಂತ ಯಾರಾದರೂ ಅಂದರೆ ಅದು ಆ ಮಳೆಯ ಪುಣ್ಯ.

ಜಗಲಿಯ ಕೊನೆಯಲ್ಲಿ ಗಂಟೆ ಹಾಗೇ ಇದೆ. ಅದೊಂದು ರೈಲು ಹಳಿಯ ತುಂಡು. ನಮ್ಮ ಜಿಲ್ಲೆಯಲ್ಲಿ ರೈಲೇ ಇಲ್ಲ, ಅಲ್ವಾ! ನಾನು ರೈಲು ನೋಡಿದ್ದು ಮುಂದೆ ಮೈಸೂರಿಗೆ ಹೋದಾಗ. ಅದಕ್ಕೂ ಎಷ್ಟೋ ವರ್ಷ ಮೊದಲೇ ಅದರ ಹಳಿಯನ್ನು ದಿನಾ ಮುಟ್ಟುತ್ತಿದ್ದೆ. ಬೆಳಗಿನ ಚಳಿಯಲ್ಲಿ ಅದು ಎಷ್ಟು ತಣ್ಣಗಿರುತ್ತಿತ್ತು ಅಂದರೆ, ಅಂಗೈ ಇಟ್ಟು ಯಾರು ಜಾಸ್ತಿ ಹೊತ್ತು ತಡೆಯುತ್ತಾರೆ ಅಂತ ಪಂದ್ಯ ಕಟ್ಟುತ್ತಿದ್ದೆವು.

ಆಫೀಸ್ ರೂಮಿನಲ್ಲಿ ನಮ್ಮ ಜಿಲ್ಲೆಯ ಜನರಲ್‌ಗಳಾದ ಕಾರ್ಯಪ್ಪನವರ, ತಿಮ್ಮಯ್ಯನವರ ಫೋಟೊ ಅದೇ ಗೋಡೆಯಲ್ಲಿವೆ. ಮೇಜಿನ ಮೇಲೆ ಹಳೇ ದಾಖಲಾತಿ ಪುಸ್ತಕ ತೆರೆದಿಟ್ಟಿದ್ದರು. ಮೇಲೆ ಕೂರ್ಗ್ ಅಂತ ಅಚ್ಚಾಗಿದೆ. 1956ರ ನವೆಂಬರ್ 1ಕ್ಕೆ ಮುಂಚಿನದು, ಆಗ ಕೊಡಗು ಇನ್ನೂ ಮೈಸೂರು ರಾಜ್ಯಕ್ಕೆ ಸೇರಿರಲಿಲ್ಲ. ತಂದೆಯ ಕೆಲಸದ ಕಾಲಮ್ಮಿನಲ್ಲಿ ಬೇಸಾಯ, ಕೂಲಿ, ತೋಟದ ರೈಟರ್, ಅಂದರೆ ಗುಮಾಸ್ತ. ಮನೆಮಾತಿನ ಕಾಲಮ್ ಓದುತ್ತಾ ನಾನು ತುಂಬ ಹೊತ್ತು ನಿಂತೆ. ಕೊಡವ, ಅರೆಭಾಷೆ, ತುಳು, ಮಲಯಾಳ, ಯರವ, ತಮಿಳು. ನನ್ನ ಬೆಂಚಿನಲ್ಲೇ ನಾಲ್ಕು ಮಾತಿನವರಿದ್ದೆವು. ನಾವೆಲ್ಲ ಒಟ್ಟಿಗೆ ಕನ್ನಡ ಕಲಿತದ್ದು ಇದೇ ಮಾಡಿನ ಕೆಳಗೆ.

ಹೊಸ ಕಟ್ಟಡದ ಬಗ್ಗೆ ನನಗೆ ಅಷ್ಟು ಪ್ರೀತಿ ಇರಲಿಲ್ಲ, ನಿಜ ಹೇಳುತ್ತೇನೆ. ಎರಡು ಅಂತಸ್ತಿನ ಆರ್‌ಸಿಸಿ, ಕಂಪ್ಯೂಟರ್ ರೂಮು, ಒಳ್ಳೇ ಟಾಯ್ಲೆಟ್. ತಾರಸಿಯಲ್ಲಿ ನೀರು ನಿಂತು ಗೋಡೆ ನೆನೆಯುತ್ತಿತ್ತಂತೆ. ಅದಕ್ಕೇ ಮೇಲೆ ಶೀಟು ಹಾಕಿಸಿದ್ದಾರೆ. ನಮ್ಮ ಕಡೆ ಎಷ್ಟೋ ಮನೆಗಳೂ ಈಗ ಹೀಗೇ ಇವೆ. ಮೇಲಿನ ದೊಡ್ಡ ರೂಮಿಗೆ ಬಂದಾಗ ಹುಡುಗಿ ಚೀಟಿ ನೋಡದೆ ಹೇಳಿದಳು. "ಮೇಡಂ, 2018ರಲ್ಲಿ ನಾವು ಇಲ್ಲೇ ಮಲಗಿದ್ದು. ನಾನು ಆಗ ತುಂಬ ಚಿಕ್ಕವಳು. ಅಮ್ಮ ಹೇಳಿದ್ದು."

ಆ ಆಗಸ್ಟ್ ಮರೆಯುವುದು ಹೇಗೆ? ಮಕ್ಕಂದೂರು, ಜೋಡುಪಾಲದ ಕಡೆಯ ಗುಡ್ಡಗಳು ಜಾರಿ ಬಂದವು. ಮಂಗಳೂರಿನ ರಸ್ತೆಯೇ ಕಡಿದುಹೋಯಿತು. ಜಿಲ್ಲೆಯ ಶಾಲೆಗಳು, ಕಲ್ಯಾಣ ಮಂಟಪಗಳು ಮನೆ ಬಿಟ್ಟು ಬಂದವರಿಂದ ತುಂಬಿದ್ದವು. ನಾನು ಆ ರೂಮಿನ ನೆಲ ನೋಡಿದೆ. ಬಿಳಿ ಟೈಲ್ಸ್, ಗೋಡೆ ಪಕ್ಕದಲ್ಲಿ ಒತ್ತಾಗಿ ಜೋಡಿಸಿದ ಡೆಸ್ಕುಗಳು. ಅವಳ ಅಮ್ಮ ಮಗುವನ್ನು ಯಾವ ಮೂಲೆಯಲ್ಲಿ ಮಲಗಿಸಿದ್ದರೋ. ನನಗೆ ಹಳೇ ಜಗಲಿ ಹೇಗೋ, ಅವಳಿಗೆ ಈ ರೂಮು ಹಾಗೆ.

ಆದರೆ ಹಳೇ ಕಟ್ಟಡದಲ್ಲಿ ಈಗ ಕ್ಲಾಸು ನಡೆಯುತ್ತಿಲ್ಲ. ಓಪನ್ ಡೇಗೆ ಬಾಗಿಲು ತೆಗೆದರು, ಸಂಜೆ ಬೀಗ ಹಾಕಿದರು. ಅದು ನನಗೆ ಸಹಿಸಲಾಗಲಿಲ್ಲ. ಮಕ್ಕಳು ಓಡಾಡದ ಕಟ್ಟಡಕ್ಕೆ ಗೆದ್ದಲು ಬೇಗ ಬರುತ್ತದೆ. ಮರ ಇನ್ನೂ ಗಟ್ಟಿ ಇದೆ, ಎರಡು ಕಡೆ ಮಾತ್ರ ರೀಪು ಬದಲಾಯಿಸಬೇಕು ಅಂತ ನನ್ನ ಕ್ಲಾಸಿನವನು ಅಲ್ಲೇ ಏಣಿ ಹತ್ತಿ ನೋಡಿ ಹೇಳಿದ. ಹೆಡ್‌ಮಾಸ್ಟರು ಅಲ್ಲೇ ಲೈಬ್ರರಿ ಮಾಡಲು ಒಪ್ಪಿದ್ದಾರೆ. ಏಪ್ರಿಲ್‌ನಲ್ಲಿ, ಮಳೆಗೆ ಮುಂಚೆ, ಹೆಂಚು ಇಳಿಸಿ ತೊಳೆದು ಮತ್ತೆ ಹೊದಿಸುತ್ತೇವೆ.

ಒಡೆದವುಗಳ ಜಾಗಕ್ಕೆ ಹೆಂಚು ಬೇಕು. ಈಗಿನ ಹೆಂಚಿನ ಅಚ್ಚು ಬೇರೆ, ಹಳೆಯದರ ಜೊತೆ ಸರಿಯಾಗಿ ಕೂರುವುದಿಲ್ಲ. ಹಳೇ ಮನೆ ಬಿಚ್ಚಿದವರು ಕೊಟ್ಟಿಗೆ ಹಿಂದೆ, ಕಾಫಿ ಕಣದ ಪಕ್ಕ ಹೆಂಚು ಪೇರಿಸಿಟ್ಟಿರುತ್ತೀರಿ. ಒಂದನ್ನು ಮಗುಚಿ ನೋಡಿ. 1865 ಅಂತ ಇದ್ದರೆ ಶಾಲೆಗೆ ತಿಳಿಸಿ, ಜೀಪು ತಗೊಂಡು ನಾವೇ ಬರುತ್ತೇವೆ.